ಮೆಂಬರಮ್ಮನ ಸಹಿ

ಇವತ್ತು ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಪಕ್ಕದ ಸೀಟಲ್ಲಿ ಒಬ್ಬರು ಅಜ್ಜಿ. ಹಿಂದೆ ಪಂಚಾಯ್ತಿ ಮೆಂಬರ್ ಆಗಿದ್ದರಂತೆ.

ಮಾತು ಬೆಳೆದಂತೆ ವೈರ್ ಬ್ಯಾಗಿಂದ ಒಂದು ಹಳೇ ನೋಟ್‌ಬುಕ್ ತೆಗೆದು ತೋರಿಸಿದರು. ಪುಟದ ತುಂಬಾ ಅವರದೇ ಹೆಸರು. ಮೊದಲ ಸಾಲುಗಳಲ್ಲಿ ಅಕ್ಷರ ಗೆರೆ ಬಿಟ್ಟು ಕೆಳಗಿಳಿದಿತ್ತು. ಕೊನೆ ಕೊನೆಗೆ ನೆಟ್ಟಗೆ ಕೂತಿತ್ತು.

"ಮೀಟಿಂಗಲ್ಲಿ ಹೆಬ್ಬೆಟ್ಟು ಒತ್ತೋದು ಬ್ಯಾಡ ಅನ್ನುಸ್ತು ಕಣವ್ವ" ಅಂದರು.

ನನಗೆ ಕೆ.ಎಸ್. ನಾಗರತ್ನಮ್ಮ ನೆನಪಾದರು. ಗುಂಡ್ಲುಪೇಟೆ ಆಗ ನಮ್ಮ ಮೈಸೂರು ಜಿಲ್ಲೆಯಲ್ಲೇ ಇತ್ತು. ಅಲ್ಲಿಂದ ಏಳು ಸಲ ಗೆದ್ದವರು. 1972ರಿಂದ 1978ರವರೆಗೆ ವಿಧಾನಸಭೆಯ ಸ್ಪೀಕರ್. ಆ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣುಮಗಳು. ಆಮೇಲೆ ಇಲ್ಲಿಯವರೆಗೂ ಇನ್ನೊಬ್ಬರು ಕೂತಿಲ್ಲ. ಇಷ್ಟು ವರ್ಷ ಆಯ್ತಲ್ವಾ? ಯಾಕೋ ಸಂಕಟ ಆಯಿತು.

ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರಿಗೇ ಇದೆ. ಅಲ್ಲಿಂದ ಮೇಲಿನ ಮೆಟ್ಟಿಲಿಗೆ ಎಷ್ಟು ಜನ ಬಂದರು?

"ಮತ್ತೆ ನಿಲ್ಲಲ್ವಾ ಅಜ್ಜಿ?" ಅಂತ ಕೇಳಿದೆ.

"ಈಗ ಸೊಸೆ ನಿಲ್ತೀನಿ ಅಂತವ್ಳೆ. ಸಹಿ ಚೆನ್ನಾಗಿ ಮಾಡ್ತಾಳೆ. ಮೀಟಿಂಗಲ್ಲಿ ಎದ್ದು ನಿಂತು ಕೇಳೋದ ನಾನು ಕಲಿಸ್ತಾ ಇವ್ನಿ."

ಬೇಗೂರಲ್ಲಿ ಇಳಿದು ಹೋದರು. ನೋಟ್‌ಬುಕ್ ಎದೆಗೆ ಒತ್ತಿ ಹಿಡಿದಿದ್ದರು.