ತಲಪಾಡಿ ದಾಟಿದರೆ ಅಂಗಡಿಯ ಕಾನೂನೂ ಬೇರೆ

ಪುತ್ತೂರು ಬಿಟ್ಟು, ತಲಪಾಡಿಯ ಗಡಿ ದಾಟಿ, ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಸೋದರಮಾವನ ಬಟ್ಟೆ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಊರಿಂದ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ, ಮಲಯಾಳ ಬಾರದೆ ಹೇಗೆ ಸುಧಾರಿಸುತ್ತೀ ಅಂತ. ಭಾಷೆ ಇಲ್ಲಿ ತಾಪತ್ರಯವೇ ಅಲ್ಲ ಮಾರಾಯ್ರೆ. ಕೌಂಟರಿನಲ್ಲಿ ನಿಂತರೆ ಒಂದು ಗಂಟೆಯೊಳಗೆ ಕನ್ನಡ, ತುಳು, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲ ಕಿವಿಗೆ ಬೀಳುತ್ತದೆ, ಬಂದವರು ಯಾವುದರಲ್ಲಿ ಕೇಳುತ್ತಾರೋ ಅದರಲ್ಲೇ ಮಾತಾಡಿ ನಮ್ಮ ಹುಡುಗಿಯರು ಸೀರೆಯ ಮಡಿಕೆ ಬಿಡಿಸಿ ತೋರಿಸುತ್ತಾರೆ. ತಲೆ ತಿನ್ನುವುದು ಕಾನೂನು. ಮಂಗಳೂರಿನ ಅಂಗಡಿಗೆ ಒಂದು ಲೆಕ್ಕ, ಇಲ್ಲಿಗೆ ಇನ್ನೊಂದು.

ಮೊದಲು ಸ್ಟೂಲಿನ ವಿಷಯ ಹೇಳುತ್ತೇನೆ. ನಮ್ಮ ಸೀರೆ ಕೌಂಟರಿನ ಹಿಂದೆ ಕೆಂಪು ಪ್ಲಾಸ್ಟಿಕ್ ಸ್ಟೂಲುಗಳಿವೆ. ಗಿರಾಕಿ ಇಲ್ಲದಾಗ ಹುಡುಗಿಯರು ಕೂರುತ್ತಾರೆ, ಯಾರಾದರೂ ಬಂದರೆ ಏಳುತ್ತಾರೆ, ಅಷ್ಟೆ. ಇದು ಮಾವನ ಧಾರಾಳತನ ಅಲ್ಲ, ಕಾನೂನು. ಕೇರಳದಲ್ಲಿ 2018ರಲ್ಲಿ ಅಂಗಡಿಗಳ ಕಾಯ್ದೆಗೆ ತಿದ್ದುಪಡಿ ತಂದು ಕೆಲಸದವರಿಗೆ ಕೂರಲು ವ್ಯವಸ್ಥೆ ಇರಲೇಬೇಕು ಎಂದರು. ಅದರ ಹಿಂದೆ ಕೋಯಿಕ್ಕೋಡಿನ ಮಿಠಾಯಿ ತೆರುವು ಎಂಬ ಅಂಗಡಿ ಬೀದಿಯ ಹೆಂಗಸರ ಹೋರಾಟ ಇದೆ. ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಎಂಬವರು ಅಂಗಡಿ ಅಂಗಡಿಯ ಹೆಂಗಸರನ್ನು ಸೇರಿಸಿ, ಮೊದಲು ಶೌಚಾಲಯ ಕೇಳಿದರು, ಆಮೇಲೆ ಕೂರುವ ಹಕ್ಕು. ಶೌಚಾಲಯ ಇಲ್ಲ ಅಂತ ದಿನವಿಡೀ ನೀರು ಕುಡಿಯದೆ ನಿಲ್ಲುತ್ತಿದ್ದರಂತೆ. 2021ರಲ್ಲಿ ತಮಿಳುನಾಡೂ ಇಂಥದ್ದೇ ಕಾನೂನು ಮಾಡಿತು. ನೀವು ಮುಂದಿನ ಸಲ ಮದುವೆ ಜವಳಿಗೆ ಹೋದಾಗ ಕೌಂಟರಿನ ಹಿಂದೆ ಸುಮ್ನೆ ಒಮ್ಮೆ ಇಣುಕಿ ನೋಡಿ, ಸ್ಟೂಲ್ ಇದೆಯಾ ಅಂತ.

ಈಗ ದೊಡ್ಡ ಗೊಂದಲಕ್ಕೆ ಬರುತ್ತೇನೆ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಕೆಲಸದ ಜಾಗದ ಸುರಕ್ಷತೆ ಅಂತ ನಾಲ್ಕು, 29 ಹಳೆಯ ಕಾನೂನುಗಳ ಬದಲಿಗೆ. ಆಗ ಕೇರಳದ ಕಾರ್ಮಿಕ ಸಚಿವರಾಗಿದ್ದ ವಿ. ಶಿವನ್‌ಕುಟ್ಟಿ, ನಮ್ಮಲ್ಲಿ ಇದನ್ನು ಜಾರಿ ಮಾಡುವುದಿಲ್ಲ ಎಂದು ನೇರವಾಗಿ ಹೇಳಿಬಿಟ್ಟರು. ಮಾವ ಪೇಪರ್ ಮಡಚಿ, "ಹಾಗಾದರೆ ನಮಗೆ ತಲೆಬಿಸಿ ಇಲ್ಲ ಅಲ್ವಾ?" ಎಂದರು. ಅಷ್ಟು ಸುಲಭ ಇಲ್ಲ. ಸಂಸತ್ತು ಮಾಡಿದ ಕಾನೂನು ರಾಜ್ಯ ಬೇಡ ಎಂದ ಮಾತ್ರಕ್ಕೆ ಇಲ್ಲವಾಗುವುದಿಲ್ಲ. ರಾಜ್ಯದ ಕೈಯಲ್ಲಿರುವುದು ನಿಯಮ ಮಾಡುವುದು ಮತ್ತು ತಪಾಸಣೆ. ನಿಯಮ ಬರುವವರೆಗೆ, ಹೊಸ ಕಾನೂನಿಗೆ ಅಡ್ಡ ಬಾರದ ಹಳೆಯ ನಿಯಮಗಳೇ ನಡೆಯುತ್ತವೆ. ಅಂಗಡಿಗಳ ಕಾಯ್ದೆಯಂತೂ ರಾಜ್ಯದ್ದೇ, ಅದು ಹಾಗೇ ಇದೆ.

ತಮಾಷೆ ಏನೆಂದರೆ, ನಿಂತು ಕೆಲಸ ಮಾಡುವವರಿಗೆ ಕೂರಲು ವ್ಯವಸ್ಥೆ ಬೇಕು ಎಂಬ ಮಾತು ಸುರಕ್ಷತೆಯ ಸಂಹಿತೆಯಲ್ಲೂ ಇದೆ. ಕೇರಳ ಏಳು ವರ್ಷ ಮೊದಲೇ ಮಾಡಿದ್ದು, ಕೇರಳ ಬೇಡ ಎನ್ನುವ ಕಾನೂನಿನೊಳಗೆ! ಹಾಗಂತ ವಿರೋಧಕ್ಕೆ ಕಾರಣ ಇಲ್ಲ ಅಂತಲ್ಲ. ಕಾರ್ಖಾನೆ ಮುಚ್ಚಲು, ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕಾದ ಮಿತಿ 100 ಕೆಲಸಗಾರರಿಂದ 300ಕ್ಕೆ ಏರಿದೆ. ಯೂನಿಯನ್‌ಗಳ ಸಿಟ್ಟು ಅಲ್ಲಿ. ನನಗೂ ಈ ಏರಿಕೆ ಸರಿ ಕಾಣುವುದಿಲ್ಲ.

ಯೂನಿಯನ್ ಎಂದಾಗ ನೆನಪಾಯಿತು, ಲಾರಿಯಿಂದ ಇಳಿಸುವ ಕೆಲಸ ಮಾಡದೆಯೂ ದುಡ್ಡು ಕೇಳುವ ನೋಕುಕೂಲಿಯ ಕಥೆ ನೀವೆಲ್ಲ ಕೇಳಿರುತ್ತೀರಿ. 2018ರ ಮೇ 1ರಿಂದ ಅದನ್ನು ಇಲ್ಲಿ ನಿಷೇಧಿಸಿದ್ದಾರೆ. ನಮ್ಮ ಬಂಡಲುಗಳನ್ನು ಕಾರ್ಡ್ ಇರುವ ಹಮಾಲರು ಇಳಿಸುತ್ತಾರೆ, ರೇಟಿನ ಪ್ರಕಾರ ಕೊಡುತ್ತೇವೆ, ಜಗಳ ಇಲ್ಲ.

ಕರ್ನಾಟಕ ಮುಂದಿರುವ ಕಡೆಯೂ ಇದೆ. ನಮ್ಮಲ್ಲಿ ಕೆಲಸ ಮಾಡುವ ಮಂಜೇಶ್ವರದ ಹುಡುಗಿಯ ತಂಗಿ ಮಂಗಳೂರಿನಲ್ಲಿ ಇದ್ದಾಳೆ. ಅಲ್ಲಿ 2025ರ ಕೊನೆಗೆ ಮುಟ್ಟಿನ ರಜೆಯ ಆದೇಶ ಬಂತು, ತಿಂಗಳಿಗೆ ಒಂದರಂತೆ ವರ್ಷಕ್ಕೆ 12, ಸಂಬಳ ಸಮೇತ, ಡಾಕ್ಟರ ಚೀಟಿ ಬೇಡ. ಹೋಟೆಲ್ ಮಾಲೀಕರು ಹೈಕೋರ್ಟಿಗೂ ಹೋದರು. ಇವಳು ನನ್ನ ಹತ್ತಿರ ಬಂದು ಮೆಲ್ಲಗೆ, "ಅಕ್ಕ, ನಮಗೂ ಉಂಟಾ?" ಎಂದಳು. ಆ ಆದೇಶ ತಲಪಾಡಿಯಿಂದ ಈಚೆಗೆ ಬರುವುದಿಲ್ಲ. ಮಾವನಿಗೆ ಹೇಳಿದೆ, ನಾವೇ ಕೊಡೋಣ ಅಂತ. ಅವರು ಅತ್ತೆಯ ಮುಖ ನೋಡಿದರು. ಅತ್ತೆ ಹೂಂ ಎಂದಮೇಲೆ ಆಯಿತು.

ಇನ್ನು ಸಂಬಳದ ಗಾಳಿಸುದ್ದಿ. ಹೊಸ ಕಾನೂನಿನಿಂದ ಕೈಗೆ ಬರುವ ದುಡ್ಡು ಕಡಿಮೆ ಆಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಓಡುತ್ತಿದೆ. ಎಲ್ಲರಿಗೂ ಹಾಗಲ್ಲ. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಇದ್ದರೆ ಆ ಜಾಸ್ತಿಯನ್ನೂ ವೇತನ ಅಂತಲೇ ಲೆಕ್ಕ ಹಿಡಿಯಬೇಕು. ನಿಮ್ಮ ಸಂಬಳ 40,000, ಮೂಲ ವೇತನ 16,000 ಅಂತಿಟ್ಟುಕೊಳ್ಳಿ. ಭತ್ಯೆ 24,000, ಅರ್ಧಕ್ಕಿಂತ 4,000 ಜಾಸ್ತಿ, ಅದೂ ಸೇರಿ ಇನ್ನು ವೇತನದ ಲೆಕ್ಕಕ್ಕೆ 20,000. ಪಿಎಫ್ ಅನ್ನು 15,000ದ ಮಿತಿಗೇ ಕಟ್ಟುತ್ತಿದ್ದರೆ ಅದೇ 1,800 ಹೋಗುತ್ತದೆ, ಕೈಗೆ ಬರುವುದು ಅಷ್ಟೇ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮಾತ್ರ, ಕೆಲಸ ಮಾಡಿದ ವರ್ಷಕ್ಕೆ ಸುಮಾರು 9,230 ಇದ್ದದ್ದು 11,538 ಆಗುತ್ತದೆ. ನಿಗದಿತ ಅವಧಿಗೆ ಸೇರಿದವರು ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಆದರೆ ಸಾಕು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ನೇಮಕಾತಿ ಪತ್ರ ಎಲ್ಲರಿಗೂ ಕಡ್ಡಾಯ. ಸಿಕ್ಕಿಲ್ಲದಿದ್ದರೆ ಕೇಳಿ, ನಾಚಿಕೆ ಬೇಡ. ನಮ್ಮಲ್ಲಿ ಅದನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಕೊಟ್ಟಿದ್ದೇವೆ, ಬಂಗಾಳದ ಒಬ್ಬ ಹುಡುಗನಿಗೆ ಹಿಂದಿಯಲ್ಲಿ.

ಕಾಸರಗೋಡಿನ ಅಂಗಡಿಗಳಿಗೆ ನಿಜವಾಗಿ ಬಿಸಿ ಮುಟ್ಟಿಸುವುದು ಬೇರೆಯೇ ಒಂದು. ಇಲ್ಲಿ ಹುಡುಗರಿಗೆ ಯಾವಾಗ ಗಲ್ಫ್ ವೀಸಾ ಬರುತ್ತದೆ ಅಂತ ಹೇಳಲಾಗದು. ಇವತ್ತು ಶರ್ಟಿನ ಕೌಂಟರಿನಲ್ಲಿ, ಮುಂದಿನ ವಾರ ದುಬೈಯಲ್ಲಿ. ಬಾಕಿ ಸಂಬಳ ಓಣಕ್ಕೆ ನೋಡೋಣ, ಮನೆಗೆ ಕೊಡೋಣ ಅಂತ ತಳ್ಳುವ ಅಂಗಡಿಗಳು ಕಡಿಮೆ ಏನಿಲ್ಲ. ಈಗ ಹೊಸ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ಸಂಬಳದ ಬಾಕಿ ಚುಕ್ತಾ ಆಗಬೇಕು, ಅವನೇ ಬಿಟ್ಟರೂ ಸರಿ, ನಾವು ತೆಗೆದರೂ ಸರಿ. ಅದಕ್ಕೇ ಈಗ ಪ್ರತಿಯೊಬ್ಬರ ಮುಂಗಡ, ರಜೆ ಎಲ್ಲ ತಿಂಗಳ ಕೊನೆಗೇ ಬರೆದು ಸಹಿ ಹಾಕಿಸಿಡುತ್ತಿದ್ದೇನೆ.