ಗೋದಲಿಯಲ್ಲಿ ಉಳಿದ ದಂಟು, ಕೈತಪ್ಪಿದ ಬೆದೆ

ಕೋಲಾರದ ಕಡೆಯ ನಮ್ಮ ಊರಿನಲ್ಲಿ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರು "ಇವತ್ತು ಎಷ್ಟು ಲೀಟರ್?" ಎಂದು ಕೇಳುತ್ತಾರೆಯೇ ಹೊರತು, ಆ ಲೀಟರಿಗೆ ಎಷ್ಟು ಖರ್ಚು ಬಿತ್ತೆಂದು ಯಾರೂ ಕೇಳುವುದಿಲ್ಲ. ನಾನೂ ಬಹಳ ಕಾಲ ಕೇಳಿಕೊಂಡಿರಲಿಲ್ಲ. ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿ) ಮಿಶ್ರತಳಿ ಹಸುಗಳಿಂದ ದಿನಕ್ಕೆ 30 ಲೀಟರ್ ಹಾಲು ಹಾಕುತ್ತಿದ್ದರೂ, ಬಟವಾಡೆಯ ಹಣ ಹಿಂಡಿ ಅಂಗಡಿಯ ಬಾಕಿಗೇ ಸರಿಹೋಗುವುದನ್ನು ಕಂಡು, ಕೊಟ್ಟಿಗೆಯ ಗೂಡಿನಲ್ಲಿ ಒಂದು ನೋಟ್‌ಬುಕ್ ಇಟ್ಟು ಬರೆಯತೊಡಗಿದೆ.

ಮೊದಲು ಸಿಕ್ಕಿಬಿದ್ದದ್ದು ಗೋದಲಿ. ಇಡಿಯಾಗಿ ಹಾಕಿದ 25 ಕಿಲೋ ನೇಪಿಯರ್ ಹುಲ್ಲಿನಲ್ಲಿ ಹಸು ಎಲೆಗಳನ್ನು ಆರಿಸಿ ತಿಂದು, ಗಂಜಲದಲ್ಲಿ ನೆನೆದ ದಂಟನ್ನು ಕಾಲಡಿಗೆ ತಳ್ಳಿರುತ್ತಿತ್ತು. ಒಂದು ಬೆಳಿಗ್ಗೆ ಅದನ್ನು ಗುಡ್ಡೆ ಮಾಡಿ ತೂಗಿದಾಗ 7 ಕಿಲೋ ಬಂತು. ಮೇವು ಕತ್ತರಿಸುವ ಯಂತ್ರ ತಂದು, ಒಂದಿಂಚಿನ ತುಂಡು ಮಾಡಿ, ರಾಗಿ ಹುಲ್ಲಿನೊಂದಿಗೆ ಬೆರೆಸಿ ಹಾಕಿದ ಮೇಲೆ ಉಳಿಯುವುದು ಒಂದು ಬೊಗಸೆಯಷ್ಟು ಮಾತ್ರ. ಸಾಲದೆಂದು ಗೊಣಗುತ್ತಿದ್ದ ಅದೇ ಮೇವಿನ ಮಡಿ ಈಗ ಸಾಕಾಗುತ್ತಿದೆ.

ಪಂಕ್ತಿಭೇದ ಮಾಡಬಾರದೆಂಬುದು ಊಟದ ಮನೆಗೆ ಸರಿ, ಕೊಟ್ಟಿಗೆಗಲ್ಲ. ಹದಿನೈದು ಲೀಟರ್ ಕೊಡುವ ಹಸುವಿಗೂ ಬತ್ತುತ್ತಿರುವ ಹಸುವಿಗೂ ಒಂದೇ ಅಳತೆಯ ಹಿಂಡಿ ಸುರಿಯುತ್ತಿದ್ದವನು, ಈಗ ಮೈ ನಿರ್ವಹಣೆಗೆ ಒಂದೂವರೆ ಕಿಲೋ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಎಂಬ ರೂಢಿಯ ಲೆಕ್ಕ ಹಿಡಿದಿದ್ದೇನೆ. ಗಬ್ಬದ ಕೊನೆಯ ಎರಡು ತಿಂಗಳು ಮಾತ್ರ ಹಾಲಿಲ್ಲದಿದ್ದರೂ ಹೆಚ್ಚಿಗೆ ಕೊಡಬೇಕು. ಅಲ್ಲಿ ಜಿಪುಣತನ ಮಾಡಿದರೆ ಮುಂದಿನ ಸೂಲಿನ ಹಾಲೇ ತಗ್ಗುತ್ತದೆ.

ನೋಟ್‌ಬುಕ್ಕಿನಲ್ಲಿ ಕಂಡ ದೊಡ್ಡ ನಷ್ಟವಾದರೋ ಮೇವಿನದಲ್ಲ, ದಿನಗಳದು. ಕರು ಹಾಕಿದ ಮೂರು ತಿಂಗಳೊಳಗೆ ಹಸು ಮತ್ತೆ ಗಬ್ಬ ನಿಂತರೆ, ಸುಮಾರು 280 ದಿನಗಳ ಗರ್ಭಾವಧಿ ಸೇರಿ ವರ್ಷಕ್ಕೊಂದು ಕರು ಎನ್ನಬಹುದು. ಆದರೆ ಕಳೆದ ಬೇಸಿಗೆಯಲ್ಲಿ ನಮ್ಮ ಗೌರಿ ಕೂಗದೆ, ಮೇವು ಬಿಡದೆ, ಸದ್ದಿಲ್ಲದೆ ಎರಡು ಸಲ ಬೆದೆಗೆ, ಅಂದರೆ ಗಬ್ಬ ಕಟ್ಟುವ ಹದಕ್ಕೆ, ಬಂದು ಹೋದಳು. ಬಾಲಕ್ಕೆ ಅಂಟಿ ಒಣಗಿದ್ದ ಲೋಳೆಯನ್ನು ನಾನು ನೋಡಿದ್ದು ಮಾರನೆಯ ದಿನ. ಒಂದು ಬೆದೆ ತಪ್ಪಿದರೆ ಮುಂದಿನದಕ್ಕೆ ಸುಮಾರು 21 ದಿನ ಕಾಯಬೇಕು, ಎರಡು ತಪ್ಪಿದರೆ 42. ಕರು ಹಾಕಿದ ಹೊಸದರಲ್ಲಿ ಸಿಗುವ ತುಂಬು ಹಾಲು ಅಷ್ಟು ದಿನ ಮುಂದಕ್ಕೆ ಹೋಯಿತು, ನಾಲ್ಕು ಲೀಟರಿಗೆ ಇಳಿದ ಹಸುವನ್ನು ಅಷ್ಟು ದಿನ ಹೆಚ್ಚಿಗೆ ಸಾಕಿದ್ದಾಯಿತು. ಹಾಲಿನ ದರಕ್ಕೆ ಒಂದು ರೂಪಾಯಿ ಸೇರಿಸಿದರೂ ಆ ತೂತು ಮುಚ್ಚುತ್ತಿರಲಿಲ್ಲ. ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನವನ್ನು ನಾನು ಬೇರೆ ಪುಟದಲ್ಲಿ ಬರೆಯುತ್ತೇನೆ; ಅದನ್ನು ಆದಾಯದೊಳಗೆ ಬೆರೆಸಿದರೆ ಇಂಥ ತೂತುಗಳು ಕಾಣಿಸುವುದಿಲ್ಲ.

ಈ ಸಲ ಗೌರಿ ಕರು ಹಾಕಿ ಎರಡು ತಿಂಗಳಾಗುತ್ತ ಬಂತು. ಮೊದಲ ಬೆದೆಯನ್ನು ಗುರುತಿಸಿಟ್ಟಿರುವುದರಿಂದ ಬರುವ ಶುಕ್ರವಾರಕ್ಕೆ ಇಪ್ಪತ್ತೊಂದನೆಯ ದಿನ. ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿದ್ದೇನೆ; ಗುರುವಾರ ರಾತ್ರಿ ಹತ್ತಕ್ಕೊಮ್ಮೆ, ನಸುಕಿಗೊಮ್ಮೆ ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಹೋಗಬೇಕು.