ಕೋಣಗಳ ಜೊತೆ ಕ್ಯಾಮೆರಾವೂ ಓಡಬೇಕು

ಕಂಬಳದ ಫೋಟೊ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಯಾವುದು ಬರುತ್ತದೆ? ಎದುರಿನಿಂದ ನುಗ್ಗಿ ಬರುವ ಜೋಡಿ ಕೋಣಗಳು, ಹಿಂದೆ ಹಗ್ಗ ಹಿಡಿದ ಓಟಗಾರ, ಸುತ್ತಲೂ ಗಾಳಿಯಲ್ಲೇ ನಿಂತುಬಿಟ್ಟ ಕೆಸರು ನೀರಿನ ಹನಿಗಳು. ಓಟ ಮುಗಿಯುವ ಮಂಜೊಟ್ಟಿಯ ಕಡೆ ಕೂತು, 1/2000 ಸೆಕೆಂಡಿನ ಶಟರ್‌ನಲ್ಲಿ ತೆಗೆದದ್ದು. ಚೆಂದವೇ. ನಾನೂ ನೂರಾರು ತೆಗೆದಿದ್ದೇನೆ. ಆದರೆ ಕರೆಯ, ಅಂದರೆ ಕೋಣ ಓಡುವ ಕೆಸರಿನ ಟ್ರ್ಯಾಕಿನ, ಪಕ್ಕ ನಿಂತು ನೋಡಿದವರಿಗೆ ಓಟ ಕಾಣುವುದೇ ಬೇರೆ ತರ. ಬಂತು ಅನ್ನುವಷ್ಟರಲ್ಲಿ ದಾಟಿ ಹೋಗಿರುತ್ತದೆ, ಕೆಸರು ಮಾತ್ರ ನಮ್ಮ ಅಂಗಿ ಮೇಲೆ ಉಳಿದಿರುತ್ತದೆ. ಆ ವೇಗ ಫೋಟೊದಲ್ಲಿ ಬರಬೇಕು ಅನ್ನುವ ಹಟ ನನಗೆ ಹಿಡಿದು ನಾಲ್ಕು ಸೀಸನ್ ಆಯಿತು. ಅದಕ್ಕೆ ಇರುವ ದಾರಿ ಪ್ಯಾನಿಂಗ್.

ಮಾಡುವುದು ಇಷ್ಟೇ: ಶಟರ್ ನಿಧಾನ ಇಟ್ಟುಕೊಂಡು, ಓಡುವ ಕೋಣದ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಬಟನ್ ಒತ್ತಬೇಕು. ಕ್ಯಾಮೆರಾ ಸರಿಯಾಗಿ ಹಿಂಬಾಲಿಸಿದರೆ ಕೋಣ ಸ್ಪಷ್ಟವಾಗಿ ಸಿಗುತ್ತದೆ, ಹಿಂದೆ ನಿಂತ ಜನ, ತೆಂಗಿನ ಮರ, ಶಾಮಿಯಾನ ಎಲ್ಲ ಅಡ್ಡ ಗೆರೆಗಳಾಗಿ ಹರಿದು ಹೋಗುತ್ತವೆ. ಹೇಳುವುದಕ್ಕೆ ಸುಲಭ. ಕೈಗೆ ಹತ್ತಬೇಕಾದರೆ ಸಾವಿರಾರು ಫೋಟೊ ಹಾಳಾಗಬೇಕು.

ಕೋಣಗಳು ಎಷ್ಟು ಜೋರಾಗಿ ಓಡುತ್ತವೆ ಅಂತ ಸ್ವಲ್ಪ ಲೆಕ್ಕ ಹಾಕೋಣ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು, ನೆನಪಿದೆ ಅಲ್ವಾ? ಅಂದರೆ ಸೆಕೆಂಡಿಗೆ ಹತ್ತೂವರೆ ಮೀಟರ್ ಹತ್ತಿರ, ಗಂಟೆಗೆ ಸುಮಾರು 38 ಕಿಲೋಮೀಟರ್. 1/1000ರಲ್ಲಿ ಶಟರ್ ತೆರೆದು ಮುಚ್ಚುವಷ್ಟರಲ್ಲಿ ಕೋಣ ಒಂದು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 1/30ರಲ್ಲಿ 35 ಸೆಂಟಿಮೀಟರ್. ಒಂದು ಮೊಳಕ್ಕೆ ಸ್ವಲ್ಪ ಕಡಿಮೆ. ಆ ಒಂದು ಮೊಳವನ್ನು ನಮ್ಮ ಸೊಂಟ ಕೋಣದ ಜೊತೆ ಸರಿಸಮ ತಿರುಗಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಮೊದಲ ಸಲ ಮೂಡಬಿದಿರೆಯ ಕಡಲಕೆರೆಯಲ್ಲಿ ಪ್ರಯತ್ನ ಮಾಡಿದಾಗ ದಿನವಿಡೀ ನಿಂತು 600 ಫೋಟೊ ತೆಗೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಒಂದೂ ಸ್ಪಷ್ಟ ಇಲ್ಲ. ತುಂಬ ಬೇಜಾರಾಯಿತು. ಶಟರ್ ನಂಬರ್ ತಪ್ಪಿರಬೇಕು ಅಂದುಕೊಂಡು ಮುಂದಿನ ಕಂಬಳದಲ್ಲಿ 1/60, 1/80, 1/125 ಎಲ್ಲ ಬದಲಾಯಿಸಿ ನೋಡಿದೆ. ಹೆಚ್ಚು ವ್ಯತ್ಯಾಸ ಆಗಲಿಲ್ಲ. ನನ್ನ ಪಕ್ಕದಲ್ಲಿ ಬೈರಾಸು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಹಿರಿಯರೊಬ್ಬರು, ಅವರ ಮನೆಯ ಕೋಣಗಳೂ ಆವತ್ತು ಓಟಕ್ಕೆ ಇಳಿದಿದ್ದವು, ಸುಮಾರು ಹೊತ್ತು ನನ್ನನ್ನೇ ನೋಡಿ ಹೇಳಿದರು: "ನೀವು ಕೋಣ ಎದುರು ಬಂದ ಮೇಲೆ ಹುಡುಕ್ತೀರಲ್ಲ ಮಾರಾಯ್ರೆ. ಬಿಡುವಾಗಲೇ ಹಿಡೀಬೇಕು." ಅವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಆದರೆ ಅವರ ಕಣ್ಣು ಓಟ ಶುರುವಾಗುವ ಗಂತಿನಿಂದ ಮಂಜೊಟ್ಟಿವರೆಗೆ ಒಂದು ಕ್ಷಣವೂ ಕೋಣ ಬಿಟ್ಟು ಬೇರೆ ಕಡೆ ಹೋಗುತ್ತಿರಲಿಲ್ಲ.

ಅವರು ಹೇಳಿದ್ದು ಸರಿಯಾಗಿತ್ತು. ಅದಕ್ಕೆ ನಾನು ಇನ್ನೊಂದು ಸೇರಿಸಿಕೊಂಡೆ: ಬಟನ್ ಒತ್ತಿದ ಮೇಲೂ ಬಿಡಬಾರದು. ನಾವೆಲ್ಲ ಮಾಡುವ ತಪ್ಪು ಅದೇ. ಕ್ಲಿಕ್ ಅನ್ನುತ್ತಿದ್ದ ಹಾಗೆ ಕೈ ತಾನಾಗಿಯೇ ನಿಲ್ಲುತ್ತದೆ, ಕೋಣ ನಿಲ್ಲುವುದಿಲ್ಲ. ಈಗ ನಾನು ಮಾಡುವುದು ಹೀಗೆ. ಎಲ್ಲಿ ಫೋಟೊ ಬೇಕೋ ಆ ಜಾಗಕ್ಕೆ ಎರಡೂ ಪಾದ ನೇರ ಇಟ್ಟು ನಿಲ್ಲುತ್ತೇನೆ. ಪಾದ ಕದಲಿಸದೆ ಸೊಂಟದಿಂದ ಮೇಲೆ ಮಾತ್ರ ಗಂತಿನ ಕಡೆ ತಿರುಗಿ, ಮೊಣಕೈ ಪಕ್ಕೆಗೆ ಒತ್ತಿ, ಕೋಣ ಹೊರಟ ಕೂಡಲೇ ಫೋಕಸ್ ಹಿಡಿಯುತ್ತೇನೆ. ಅವು ಹತ್ತಿರ ಬರುತ್ತಿದ್ದ ಹಾಗೆ, ತಿರುಚಿದ ಹಗ್ಗ ತಾನಾಗಿ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ ಮೈ ಬಿಚ್ಚಿಕೊಳ್ಳುತ್ತದೆ. ಸರಿಯಾಗಿ ಎದುರಿಗೆ ಬಂದಾಗ ಮೈ ನೇರ ಇರುತ್ತದೆ, ಕೈ ಗಟ್ಟಿ ಇರುತ್ತದೆ. ಆಗ ಐದಾರು ಫೋಟೊ ಒಟ್ಟಿಗೆ, ಆಮೇಲೆ ಮಂಜೊಟ್ಟಿವರೆಗೂ ಹಿಂಬಾಲಿಸುವುದು. ಇದನ್ನು ಕಂಬಳದಲ್ಲೇ ಕಲಿಯಬೇಕು ಅಂತಿಲ್ಲ. ನಾನು ಮನೆ ಗೇಟಿನ ಹತ್ತಿರ ನಿಂತು ಸ್ಕೂಟರ್, ರಿಕ್ಷಾ, ಶಾಲೆಗೆ ಹೋಗುವ ಮಕ್ಕಳ ಸೈಕಲ್ ಮೇಲೆ ಎರಡು ತಿಂಗಳು ಅಭ್ಯಾಸ ಮಾಡಿದೆ. ರಸ್ತೆಯಲ್ಲಿ ಹೋಗುವ ಬಸ್ಸು ಎಷ್ಟು ಬೇಕಾದರೂ ಸಿಗುತ್ತದೆ, ಕಂಬಳದ ಓಟ ಒಂದು ದಿನಕ್ಕೆ ಇಷ್ಟೇ.

ಒಂದು ಕಷ್ಟ ಮಾತ್ರ ರಸ್ತೆಯಲ್ಲಿ ಕಲಿಯಲು ಆಗುವುದಿಲ್ಲ. ಬಸ್ಸು ನೇರ ಜಾರಿಕೊಂಡು ಹೋಗುತ್ತದೆ. ಕೋಣ ನೆಗೆಯುತ್ತಾ ಹೋಗುತ್ತದೆ, ತಲೆ ಮೇಲೆ ಕೆಳಗೆ ಆಡುತ್ತದೆ, ಹಿಂದೆ ಓಡುವವರ ಮೈ ಬೇರೆಯೇ ತಾಳದಲ್ಲಿ ಏಳುತ್ತದೆ ಬೀಳುತ್ತದೆ. ಎಲ್ಲವೂ ಸ್ಪಷ್ಟ ಬರಲಿ ಅಂದರೆ ಆಗದು. ಒಂದನ್ನು ಆರಿಸಿಕೊಳ್ಳಬೇಕು. ನಾನು ಹತ್ತಿರದ ಕೋಣದ ಕಣ್ಣನ್ನು ಆರಿಸಿಕೊಳ್ಳುತ್ತೇನೆ. ಅದೊಂದು ಸಿಕ್ಕಿದರೆ ಕಾಲು, ಬಾಲ, ನೀರು ಎಲ್ಲ ಕಲಸಿಹೋದರೂ ಫೋಟೊ ನಿಲ್ಲುತ್ತದೆ. ಓಟಗಾರ ಕೋಣಗಳ ಹಿಂದೆ ಓಡುವ ಹಗ್ಗ ಮತ್ತು ನೇಗಿಲು ವಿಭಾಗಕ್ಕೆ ನನಗೆ 1/60 ಸರಿ ಬರುತ್ತದೆ, ಧೈರ್ಯ ಬಂದ ಮೇಲೆ 1/40. ಅಡ್ಡ ಹಲಗೆ ವಿಭಾಗ ಪ್ಯಾನಿಂಗ್‌ಗೆ ಹೇಳಿ ಮಾಡಿಸಿದ ಹಾಗಿದೆ, ಯಾಕಂದರೆ ಓಟಗಾರ ಓಡುವುದಿಲ್ಲ, ಹಲಗೆಯ ಮೇಲೆ ನಿಂತು ಜಾರಿಕೊಂಡು ಬರುತ್ತಾನೆ. ಅವನ ಮುಖಕ್ಕೆ ಫೋಕಸ್ ಇಟ್ಟು 1/20ಕ್ಕೂ ಇಳಿಯಬಹುದು. ಕನೆ ಹಲಗೆಯಲ್ಲಿ ಮಾತ್ರ ಪ್ಯಾನಿಂಗ್ ಬೇಡ ಅನ್ನುತ್ತೇನೆ. ಅಲ್ಲಿ ಓಟಕ್ಕಿಂತ ನೀರು ಮುಖ್ಯ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ, 6.5 ಕೋಲು ಎತ್ತರಕ್ಕೋ 7.5 ಕೋಲು ಎತ್ತರಕ್ಕೋ (ಕೋಲು ಅಂದರೆ ಇಲ್ಲಿನ ಅಳತೆ), ತಾಗಿತೋ ಇಲ್ಲವೋ ಅನ್ನುವುದೇ ಸ್ಪರ್ಧೆ. ನಿಧಾನ ಶಟರ್‌ನಲ್ಲಿ ಆ ನೀರು ಬರೀ ಬಿಳಿ ಪರದೆ ಆಗಿಬಿಡುತ್ತದೆ. ಅದಕ್ಕೆ 1/2000ವೇ ಸರಿ.

ದೂರವೂ ಮುಖ್ಯ. ಕರೆಗೆ ತೀರಾ ಅಂಟಿಕೊಂಡು ವೈಡ್ ಲೆನ್ಸ್ ಹಾಕಿದರೆ ಕೋಣದ ತಲೆ ಸ್ಪಷ್ಟ, ಹಿಂಭಾಗ ಮಸುಕು. ಹತ್ತಿರದಲ್ಲಿ ಮೈಯ ಒಂದೊಂದು ಭಾಗ ಒಂದೊಂದು ವೇಗದಲ್ಲಿ ತಿರುಗಿದ ಹಾಗೆ ಕಾಣುವುದರಿಂದ ಹೀಗಾಗುತ್ತದೆ. ಇಪ್ಪತ್ತೈದು ಮೀಟರ್ ಹಿಂದೆ ಸರಿದು 70-200 ಎಂಎಂ ಝೂಮ್ ಲೆನ್ಸ್ ಅನ್ನು 100 ಎಂಎಂ ಆಸುಪಾಸಿನಲ್ಲಿ ಇಟ್ಟುಕೊಂಡರೆ ಇಡೀ ಜೋಡಿ ಸಿಗುತ್ತದೆ, ಕೋಣ ಕರೆ ಬಿಟ್ಟು ಹೊರಗೆ ಹಾರಿದರೂ ನಾವು ಕ್ಷೇಮ.

ಮಧ್ಯಾಹ್ನದ ಬಿಸಿಲು ದೊಡ್ಡ ತಲೆನೋವು. ಸೆನ್ಸರ್‌ನ ಸೂಕ್ಷ್ಮತೆ ಐಎಸ್‌ಒ 100ಕ್ಕೆ ಇಳಿಸಿ, ಲೆನ್ಸಿನ ಕಿಂಡಿ ಎಫ್/16ಕ್ಕೆ ಕಿರಿದು ಮಾಡಿದರೂ ಶಟರ್ 1/100 ಕೇಳುತ್ತದೆ. 1/30ಕ್ಕೆ ಇಳಿಸಲು ಕಿಂಡಿ ಇನ್ನೂ ಕಿರಿದಾಗಿ ಎಫ್/22 ಮಾಡಿದರೂ ಬೆಳಕು ಬೇಕಾದ್ದಕ್ಕಿಂತ ಜಾಸ್ತಿಯೇ, ಜೊತೆಗೆ ಸೆನ್ಸರ್ ಮೇಲಿನ ಧೂಳೆಲ್ಲ ಕಪ್ಪು ಚುಕ್ಕೆಯಾಗಿ ಆಕಾಶದಲ್ಲಿ ಎದ್ದು ಕಾಣುತ್ತದೆ. ಒಂದು ಎನ್‌ಡಿ8 ಫಿಲ್ಟರ್ (ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವ ಗಾಜು) ಹಾಕಿ ಎಫ್/11ರಲ್ಲಿ ಆರಾಮಾಗಿ ತೆಗೆಯಿರಿ. ರಾತ್ರಿ ಇದೆಲ್ಲ ತಲೆಬಿಸಿ ಇಲ್ಲ. ಕಂಬಳ ಬೆಳಗಿನ ಜಾವದವರೆಗೂ ನಡೆಯುತ್ತದೆ, ಎದುರಿಂದ ತೆಗೆಯುವವರು ಐಎಸ್‌ಒ 12800ಕ್ಕೆ ಏರಿಸಿ ಕಾಳು ಕಾಳಾದ ಫೋಟೊ ಜೊತೆ ಒದ್ದಾಡುವಾಗ ಪ್ಯಾನಿಂಗ್ ಮಾಡುವವರಿಗೆ ಕಡಿಮೆ ಬೆಳಕೇ ಅನುಕೂಲ. ಕೆಲವು ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುವುದರಿಂದ ವೇಗದ ಶಟರ್‌ನಲ್ಲಿ ಒಂದು ಫೋಟೊ ಬೆಳಕು, ಇನ್ನೊಂದು ಕಪ್ಪು ಬರುವುದುಂಟು. 1/50ರಲ್ಲಿ ಆ ಕಾಟವೂ ಇಲ್ಲ.

ಹೊಸ ಮಿರರ್‌ಲೆಸ್ ಕ್ಯಾಮೆರಾ ಇದ್ದವರು ಮೆಕ್ಯಾನಿಕಲ್ ಶಟರ್‌ನಲ್ಲೇ ತೆಗೆಯಿರಿ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಪ್ಯಾನ್ ಮಾಡಿದರೆ ಹಿಂದಿನ ಕಂಬಗಳು ವಾಲಿಕೊಂಡು ಬರಬಹುದು, ಚಿತ್ರ ಸಾಲು ಸಾಲಾಗಿ ದಾಖಲಾಗುವುದರಿಂದ. ಇದೇನೂ ಹೊಸ ಸಮಸ್ಯೆ ಅಲ್ಲ. 1910ರ ದಶಕದಲ್ಲಿ ಫ್ರಾನ್ಸಿನ ಹುಡುಗ ಜಾಕ್ ಆನ್ರಿ ಲಾರ್ತಿಗ್ ರೇಸಿನ ಕಾರಿನ ಜೊತೆ ಕ್ಯಾಮೆರಾ ತಿರುಗಿಸಿ ತೆಗೆದ ಫೋಟೊದಲ್ಲಿ ಚಕ್ರ ಮುಂದಕ್ಕೆ, ನೋಡುವ ಜನ ಹಿಂದಕ್ಕೆ ವಾಲಿದ್ದಾರೆ. ಆಗಿನ ಶಟರ್‌ನ ಸೀಳು ನಿಧಾನವಾಗಿ ಸರಿಯುತ್ತಿತ್ತು. ಆ ವಾಲಿಕೆಯಿಂದಲೇ ಇವತ್ತಿಗೂ ಆ ಫೋಟೊ ನೋಡಿದರೆ ಕಾರು ಚೌಕಟ್ಟು ದಾಟಿ ಹೋಗುತ್ತಿದೆ ಅನಿಸುತ್ತದೆ.

ನಾನು ತೆಗೆದದ್ದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಮಿಯ್ಯಾರಿನ ಲವ-ಕುಶ ಜೋಡುಕರೆಯಲ್ಲಿ, ಸಂಜೆ ಬೆಳಕಿನಲ್ಲಿ, 1/40ರಲ್ಲಿ ಸಿಕ್ಕಿದ್ದು. ಜೋಡುಕರೆ ಆದ್ದರಿಂದ ಎರಡು ಜೋಡಿ ಒಟ್ಟಿಗೆ ಓಡುತ್ತವೆ. ನಾನು ಹತ್ತಿರದ ಜೋಡಿಯನ್ನು ಹಿಂಬಾಲಿಸುತ್ತಿದ್ದೆ. ಕೋಣದ ಕಣ್ಣು, ಹಣೆಯ ಮೇಲೆ ಒದ್ದೆಯಾಗಿ ಅಂಟಿದ ಕೂದಲು, ನೊಗಕ್ಕೆ ಸುತ್ತಿದ ಹಗ್ಗದ ಎಳೆ ಎಳೆಯೂ ಎಣಿಸುವಷ್ಟು ಸ್ಪಷ್ಟ. ಹಿಂದೆ ಜನರ ಕೆಂಪು, ಹಳದಿ, ನೀಲಿ ಅಂಗಿಗಳು ಬಣ್ಣದ ಪಟ್ಟಿಗಳಾಗಿ ಹರಿದಿವೆ. ಆ ಕಡೆ ಕರೆಯ ಜೋಡಿ ಮಾತ್ರ ಪೂರ್ತಿ ಸ್ಪಷ್ಟವೂ ಅಲ್ಲ, ಪೂರ್ತಿ ಕಲಸಿಯೂ ಹೋಗಿಲ್ಲ. ಅವು ಇನ್ನಷ್ಟು ದೂರದಲ್ಲಿದ್ದದ್ದರಿಂದ ನನ್ನ ಕ್ಯಾಮೆರಾ ತಿರುಗಿದ ವೇಗಕ್ಕೆ ಸರಿಯಾಗಿ ಹೊಂದಲಿಲ್ಲ. 1/2000ರ ಫೋಟೊದಲ್ಲಿ ಯಾರು ಮುಂದಿದ್ದಾರೆ ಅನ್ನುವುದು ಕಾಣುತ್ತದೆ, ಆದರೆ ಇಬ್ಬರ ವೇಗವೂ ಕಾಣುವುದಿಲ್ಲ. ಇಲ್ಲಿ ಕಾಣುತ್ತದೆ.

ಆ ಫೋಟೊದ ಪ್ರಿಂಟ್ ಹಾಕಿಸಿ ಅದೇ ಕೋಣಗಳನ್ನು ಓಡಿಸಿದವರಿಗೆ ಮುಂದಿನ ವಾರ ಕೊಟ್ಟೆ. ಅವರು ತಮ್ಮನ್ನು ನೋಡಿಕೊಳ್ಳಲೇ ಇಲ್ಲ. ಬಲಗಡೆಯ ಕೋಣದ ಕುತ್ತಿಗೆ ಮೇಲೆ ಬೆರಳಿಟ್ಟು, "ಇದು ಇಲ್ಲಿ ಸ್ವಲ್ಪ ಹಿಂದೆ ಎಳೀತಿತ್ತು ನೋಡಿ, ನನಗೆ ಕೈಯಲ್ಲಿ ಗೊತ್ತಾಗಿತ್ತು" ಅಂದರು.